ದೊಡ್ಡ ಚಕ್ರ, ಸಣ್ಣ ಚಕ್ರ

ಮೂರನೇ ಗೇರು ಬಿದ್ದ ಕೂಡಲೇ ಕಾರು ಗೊಣಗಲು ಶುರು ಮಾಡಿತು. ಪಕ್ಕದ ಸೀಟಿನಲ್ಲಿದ್ದ ಸಣ್ಣ ಮೇಸ್ತ್ರಿ ಕಣ್ಣು ಮುಚ್ಚಿಕೊಂಡ. ಓಡಿಸುತ್ತಿದ್ದ ಫೋಟೋ ಸ್ಟುಡಿಯೋದವನಿಗೆ ಇವನಿಗೆ ನಿದ್ದೆ ಬಂತೇನೋ ಅನ್ನಿಸಿತು.

"ಏನ್ ಮೇಸ್ತ್ರಿ, ಮಲಗೇಬಿಟ್ರಾ?"

"ಕಾಲು ತೆಗೀರಿ."

"ಯಾರ ಕಾಲು?"

"ನಿಮ್ಮದೇ. ಆಕ್ಸಿಲರೇಟರ್ ಮೇಲಿಂದ."

ಕಾಲು ತೆಗೆದದ್ದೇ ತಡ, ಗೇರಿನ ಕೋಲು ಟಪ್ಪೆಂದು ತಾನಾಗಿ ನ್ಯೂಟ್ರಲ್‌ಗೆ ಜಿಗಿಯಿತು. ಸ್ಟುಡಿಯೋದವನು ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡ. "ನೋಡಿದ್ರಾ? ನಮ್ಮ ಮಾವನವರ ಕಾರಲ್ವಾ, ಅವರ ಥರಾನೇ. ಒಂದು ಕಡೆ ಕೂರು ಅಂದ್ರೆ ಕೂರಲ್ಲ."

ಸಣ್ಣ ಮೇಸ್ತ್ರಿ ನಗಲಿಲ್ಲ. ಕೇಳಬೇಕಾದದ್ದನ್ನು ಅವನು ಕೇಳಿಸಿಕೊಂಡಾಗಿತ್ತು. ಬರೀ ಗುಂಯ್‌ಗುಟ್ಟುವಿಕೆಯಾಗಿದ್ದರೆ ಸವೆತ ಅಂದುಕೊಳ್ಳಬಹುದಿತ್ತು. ಇದರಲ್ಲಿ ಆ ಗುಂಯ್‌ಗುಟ್ಟುವಿಕೆಯ ನಡುವೆ, ಗೇರಿನ ಚಕ್ರ ಒಂದು ಸುತ್ತು ಬಂದಾಗಲೆಲ್ಲ, ಏನೋ ಸಣ್ಣಗೆ ತಟ್ಟುತ್ತಿತ್ತು. ಹಲ್ಲು ಮುರಿದಿದೆ.

ಹಳೇ ಕಾರುಗಳ ಗೇರ್‌ಬಾಕ್ಸ್ ಬಿಚ್ಚಿ ಕಟ್ಟುವುದು ಅವನ ಕಸುಬು. ಬೇರೆ ಕೆಲಸ ಅವನು ಮುಟ್ಟುವುದಿಲ್ಲ. ಬ್ರೇಕ್ ಅಂದರೆ ಪಕ್ಕದ ಬೀದಿ ತೋರಿಸುತ್ತಾನೆ, ಬಣ್ಣ ಅಂದರೆ ಮುಖ ಕಿವುಚುತ್ತಾನೆ. ವಯಸ್ಸು ಐವತ್ತೆಂಟು ದಾಟಿದೆ, ತಲೆಯಲ್ಲಿ ಕರಿ ಕೂದಲನ್ನು ಹುಡುಕಬೇಕು. ಆದರೂ ಎಲ್ಲರ ಬಾಯಲ್ಲೂ ಅವನು ಸಣ್ಣ ಮೇಸ್ತ್ರಿಯೇ. ಏಕೆಂದರೆ ದೊಡ್ಡ ಮೇಸ್ತ್ರಿ ಒಬ್ಬನಿದ್ದಾನೆ. ಅವನ ಸ್ವಂತ ಅಣ್ಣ. ಅವನ ವರ್ಕ್‌ಶಾಪ್ ಇರುವುದು ಎರಡು ಬೀದಿ ಆಚೆ. ಅಣ್ಣ ತಮ್ಮ ಮುಖ ಕೊಟ್ಟು ಮಾತಾಡಿ ಎಂಟೊಂಬತ್ತು ವರ್ಷವಾಗಿದೆ.

ಈ ಜಾತಿಯ ಗುಂಡು ಬೆನ್ನಿನ ಕಾರುಗಳಲ್ಲಿ ಎಂಜಿನ್ ಹಿಂದೆ ಇರುತ್ತದೆ. ಗೇರ್‌ಬಾಕ್ಸ್ ಇಳಿಸಬೇಕಾದರೆ ಮೊದಲು ಎಂಜಿನ್ ಇಳಿಸಬೇಕು. ಒಂಟಿ ಆಳಿಗೆ ಅದು ಇಡೀ ದಿನದ ಕೆಲಸ. ಜಾಕ್ ಒಂದಿಷ್ಟು ಎತ್ತಿ, ಸುತ್ತಿಕೊಂಡು ಆ ಕಡೆ ಹೋಗಿ ನೋಡಿ, ಮತ್ತೆ ಈ ಕಡೆ ಬಂದು ಇನ್ನೊಂದಿಷ್ಟು ಎತ್ತಬೇಕು. ಇಬ್ಬರಿದ್ದರೆ "ಹ್ಞಾಂ, ಬರಲಿ" ಅನ್ನುವ ಒಂದು ಮಾತಿನಲ್ಲಿ ಮುಗಿಯುವುದನ್ನು ಸಣ್ಣ ಮೇಸ್ತ್ರಿ ಕಾರಿಗೆ ಪ್ರದಕ್ಷಿಣೆ ಹಾಕಿ ಮುಗಿಸುತ್ತಾನೆ.

ಗೇರ್‌ಬಾಕ್ಸನ್ನು ಬೆಂಚಿನ ಮೇಲಿಟ್ಟು ಎಣ್ಣೆ ಇಳಿಸಿದಾಗ, ತಟ್ಟೆಯಲ್ಲಿ ಎಣ್ಣೆಯ ಜತೆ ಹೊಳೆಯುವ ಪುಡಿ ಬಂತು. ಆಮೇಲೆ ಅಕ್ಕಿಕಾಳಿನಷ್ಟು ಉಕ್ಕಿನ ಚೂರೊಂದು ಬಂತು. ಅದನ್ನು ಬೆರಳ ತುದಿಯಲ್ಲಿ ಎತ್ತಿ ಬೆಳಕಿಗೆ ಹಿಡಿದ. ಕವಚ ಬಿಚ್ಚಿ, ಸೀಮೆಎಣ್ಣೆಯಲ್ಲಿ ಬ್ರಷ್ ಅದ್ದಿ ತೊಳೆಯುತ್ತಾ ಹೋದಂತೆ ಆ ಚೂರಿನ ಮನೆ ಸಿಕ್ಕಿತು. ಮೇಲಿನ ಶಾಫ್ಟಿನ ಮೂರನೇ ಗೇರಿನ ಸಣ್ಣ ಚಕ್ರದಲ್ಲಿ ಒಂದು ಹಲ್ಲಿನ ಮೂಲೆ ಹಾರಿಹೋಗಿತ್ತು. ಅದರ ಜೋಡಿಯಾದ ಕೆಳಗಿನ ಶಾಫ್ಟಿನ ದೊಡ್ಡ ಚಕ್ರ ಮುರಿದಿರಲಿಲ್ಲ. ಆದರೆ ಮುರುಕು ಹಲ್ಲಿನ ಏಟು ತಿಂದು ಅದರ ಮೈಯೆಲ್ಲ ಗೀರುಗೀರಾಗಿತ್ತು.

ಗೇರಿನ ಚಕ್ರಗಳು ಒಂಟಿಯಾಗಿ ಬಾಳುವ ವಸ್ತುವಲ್ಲ. ಕಾರ್ಖಾನೆಯಲ್ಲೇ ಎರಡನ್ನೂ ಒಂದಕ್ಕೊಂದು ಉಜ್ಜಿ ಹೊಂದಿಸಿ, ಎರಡರ ಮೈಮೇಲೂ ಒಂದೇ ಅಂಕಿ ಕೊರೆದು ಕಳಿಸುತ್ತಾರೆ. ಆಮೇಲೆ ವರ್ಷಗಟ್ಟಲೆ ಜತೆಯಲ್ಲಿ ತಿರುಗಿ ಒಂದರ ಸವೆತಕ್ಕೆ ಇನ್ನೊಂದರ ಸವೆತ ಒಗ್ಗಿರುತ್ತದೆ. ಬೇರೆ ಯಾವುದೋ ಜೋಡಿಯಿಂದ ಒಂದನ್ನು ತಂದು ಕೂರಿಸಿದರೆ ಹಲ್ಲು ಹಲ್ಲಿಗೆ ಸಿಕ್ಕುತ್ತದೆ, ಕಾರು ಓಡುತ್ತದೆ, ಆದರೆ ಅಳುತ್ತದೆ. ಈ ಕಾರಿಗೆ ಹೊಸ ಚಕ್ರ ಮಾಡುವುದನ್ನು ನಿಲ್ಲಿಸಿ ಒಂದು ತಲೆಮಾರು ಕಳೆದಿದೆ. ಇನ್ನುಳಿದದ್ದು, ಕೆಟ್ಟ ಕಾರುಗಳಿಂದ ಬಿಚ್ಚಿಟ್ಟ ಹಳೇ ಜೋಡಿಗಳು ಮಾತ್ರ.

ಅಂಥ ಜೋಡಿಗಳು ಅಣ್ಣ ತಮ್ಮಂದಿರ ಹತ್ತಿರ ರಾಶಿ ಇದ್ದವು. ಎಲ್ಲಿ ಹಳೇ ಕಾರು ಗುಜರಿಗೆ ಬಂತೆಂದು ಸುದ್ದಿ ಬಂದರೂ ಇಬ್ಬರೂ ಸ್ಪ್ಯಾನರ್ ಚೀಲ ಹಿಡಿದು ಹೊರಡುತ್ತಿದ್ದರು. ಇಪ್ಪತ್ತೈದು ವರ್ಷ ಕೂಡಿಟ್ಟದ್ದು. ಈಗ ಸಣ್ಣ ಮೇಸ್ತ್ರಿಯ ಗೋಡೆಯುದ್ದಕ್ಕೂ ಮರದ ಪೆಟ್ಟಿಗೆಗಳಲ್ಲಿ ಗ್ರೀಸು ಹಚ್ಚಿ, ಕಾಗದ ಸುತ್ತಿ ಇಟ್ಟಿರುವ ಚಕ್ರಗಳಿವೆ. ಎಲ್ಲವೂ ಸಣ್ಣ ಚಕ್ರಗಳು. ದೊಡ್ಡದೊಂದೂ ಇಲ್ಲ.

ಅದು ಆದದ್ದು ಹೀಗೆ.

ಆಗ ಇಬ್ಬರದೂ ಒಂದೇ ವರ್ಕ್‌ಶಾಪ್, ಅದರ ಮೇಲೆ ಅಣ್ಣನ ಮನೆ. ಒಂದು ದಿನ, ಹಿಂದಿನ ವಾರವಷ್ಟೇ ರಿಪೇರಿಯಾಗಿ ಹೋಗಿದ್ದ ಗೇರ್‌ಬಾಕ್ಸ್ ವಾಪಸು ಬಂತು. ಒಳಗೆ ವಾಷರೊಂದು ತಿರುಗುಮುರುಗಾಗಿತ್ತು. ಕಾರಿನ ಯಜಮಾನ ಬೀದಿಯಲ್ಲಿ ನಿಂತು ಕೂಗಾಡಿದ. ಆಗ ಅಣ್ಣ ಹತ್ತು ಜನರ ಮುಂದೆ, "ಅದನ್ನ ಕಟ್ಟಿದ್ದು ತಮ್ಮ, ನಾನು ಕೈ ಹಾಕಿಲ್ಲ" ಅಂದುಬಿಟ್ಟ. ಆ ಗೇರ್‌ಬಾಕ್ಸಿಗೆ ನಾಲ್ಕೂ ಕೈ ಬಿದ್ದಿದ್ದವು. ವಾಷರ್ ಇಟ್ಟದ್ದು ಯಾರ ಕೈ ಎಂಬುದು ಇಬ್ಬರಿಗೂ ನೆನಪಿರಲಿಲ್ಲ, ನೆನಪಿರಲು ಸಾಧ್ಯವೂ ಇರಲಿಲ್ಲ. ಒಬ್ಬ ಎತ್ತಿ ಕೊಡುತ್ತಿದ್ದ, ಇನ್ನೊಬ್ಬ ಕೂರಿಸುತ್ತಿದ್ದ, ಮಾತಿನ ಮಧ್ಯೆ ಅದಲುಬದಲಾಗುತ್ತಿತ್ತು. ಸಣ್ಣ ಮೇಸ್ತ್ರಿಗೆ ಬೈಗುಳ ನೋಯಲಿಲ್ಲ. 'ನಾನು ಕೈ ಹಾಕಿಲ್ಲ' ಎಂಬ ಮಾತು ನೋಯಿತು. ಅವನು ಸಂಜೆ ಊಟಕ್ಕೆ ಮೇಲೆ ಹೋಗಲಿಲ್ಲ. ಮಾರನೆಯ ದಿನ ಅಣ್ಣನೂ ಕರೆಯಲಿಲ್ಲ. ಅದು ಬೆಳೆಯುತ್ತಾ ಹೋಗಿ ಪಾಲಿನ ಮಾತಿಗೆ ಬಂತು.

ಪಾಲು ಮಾಡಲು ಬಂದವನು ಬಟ್ಟೆ ಅಂಗಡಿ ನಡೆಸುತ್ತಿದ್ದ ಸೋದರಮಾವ. ಗಜ ಅಳೆದು ಕತ್ತರಿಸಿ ಗೊತ್ತಿದ್ದ ಮನುಷ್ಯ, ಚಕ್ರ ಕಂಡವನಲ್ಲ. ಪೆಟ್ಟಿಗೆಗಳನ್ನೆಲ್ಲ ನೆಲಕ್ಕೆ ಸುರಿಸಿ, ಸ್ವಲ್ಪ ಹೊತ್ತು ನೋಡಿ, ಒಳ್ಳೇ ಉಪಾಯ ಹೊಳೆದವನಂತೆ ತೊಡೆ ತಟ್ಟಿದ.

"ಜಗಳವೇ ಬೇಡ. ದೊಡ್ಡ ಚಕ್ರ ಎಲ್ಲಾ ದೊಡ್ಡವನಿಗೆ. ಸಣ್ಣ ಚಕ್ರ ಎಲ್ಲಾ ಸಣ್ಣವನಿಗೆ. ಏನಂತೀರಿ?"

ಅಣ್ಣ ಗೋಡೆ ನೋಡುತ್ತಿದ್ದ. ತಮ್ಮ ಬಾಗಿಲು ನೋಡುತ್ತಿದ್ದ. ಅದು ಎಂಥಾ ಹುಚ್ಚು ಹಂಚಿಕೆ ಎಂದು ಆ ಕೋಣೆಯಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಆ ಇಬ್ಬರೂ ಮಾತಾಡುತ್ತಿರಲಿಲ್ಲ. ಒಬ್ಬ ಬಾಯಿ ಬಿಟ್ಟರೆ ಇನ್ನೊಬ್ಬ ಹೂಂ ಅನ್ನಬೇಕಾಗುತ್ತಿತ್ತು, ಅಲ್ಲಿಗೆ ಮಾತು ಶುರುವಾದಂತೆ. ಮಾವ ಹೆಚ್ಚುಕಡಿಮೆ ಒಂದೇ ಅಳತೆಯವನ್ನು ಎರಡು ಕೈಯಲ್ಲಿ ಹಿಡಿದು ತೂಗಿ ನೋಡಿ, ಹಗುರಾದದ್ದನ್ನು ತಮ್ಮನ ಕಡೆ ಹಾಕಿದ. ಎಲ್ಲ ಮುಗಿದ ಮೇಲೆ ಕೈಯ ಗ್ರೀಸು ಒರೆಸಿಕೊಳ್ಳುತ್ತಾ, "ನೋಡಿ, ಒಂದು ಕೊಸರೂ ಇಲ್ಲದ ಹಾಗೆ ಮುಗಿಸಿದೆ" ಎಂದು ಹೆಮ್ಮೆಪಟ್ಟ.

ಅಂದಿನಿಂದ ಸಣ್ಣ ಮೇಸ್ತ್ರಿ ಬೇರಿಂಗ್ ಹೋದ, ಸೀಲು ಹೋದ, ಉಂಗುರ ಸವೆದ ಗೇರ್‌ಬಾಕ್ಸ್‌ಗಳನ್ನಷ್ಟೇ ಒಪ್ಪಿಕೊಳ್ಳುತ್ತಿದ್ದ. ಚಕ್ರ ಮುರಿದದ್ದು ಬಂದರೆ "ಸಾಮಾನು ಸಿಗಲ್ಲ" ಎಂದು ಕೈಯಾಡಿಸಿ ಕಳಿಸುತ್ತಿದ್ದ. ಹಾಗೆ ಕಳಿಸುವಾಗ ಸುಳ್ಳು ಹೇಳಿದಂತೆ ಅವನಿಗೆ ಅನ್ನಿಸುತ್ತಿರಲಿಲ್ಲ.

ಅವನಿಗೆ ಮದುವೆಯಾಗಿಲ್ಲ. ಹೆಣ್ಣು ನೋಡುವ ಮಾತು ಬಂದಾಗಲೆಲ್ಲ, ಮೊದಲು ಅಣ್ಣನ ಮಗಳ ಓದು ಮುಗಿಯಲಿ, ಮೇಲಿನ ಮಹಡಿ ಕಟ್ಟಿಯಾಗಲಿ, ಎಂದು ಮುಂದೂಡಿದ. ಮುಂದೂಡಿ ಮುಂದೂಡಿ ಒಂದು ದಿನ ಕೇಳುವವರೇ ನಿಂತುಹೋದರು. ಅದರ ಬಗ್ಗೆ ಅವನಿಗೆ ಕೊರಗಿರಲಿಲ್ಲ. ಕೆಳಗೆ ವರ್ಕ್‌ಶಾಪ್, ಮೇಲೆ ಮನೆ, ಮಧ್ಯಾಹ್ನವಾದರೆ ಅತ್ತಿಗೆ ಮೆಟ್ಟಿಲ ತಲೆಯಲ್ಲಿ ನಿಂತು, "ಇಬ್ಬರೂ ಕೈ ತೊಳ್ಕೊಂಡೇ ಬರಬೇಕು, ಬಾಗಿಲಿಗೆ ಕೈ ಒರೆಸಿದವರಿಗೆ ಊಟ ಇಲ್ಲ" ಅನ್ನುವಳು. ಅದೇ ಸಂಸಾರ ಅಂದುಕೊಂಡಿದ್ದ. ಪಾಲಿನ ದಿನ ಚಕ್ರ, ವೈಸು, ಚಕ್ರ ಎಳೆದು ಬಿಚ್ಚುವ ಪುಲ್ಲರುಗಳನ್ನು ಹಂಚಿದರು. ಅವನಿಗೆ ತಪ್ಪಿಹೋದದ್ದು ಅದಾವುದೂ ಅಲ್ಲ.

ಈಗ ತನ್ನದೇ ವರ್ಕ್‌ಶಾಪಿನ ಹಿಂದೆ ಒಂದು ಕೋಣೆ. ಮಂಚ, ಸ್ಟೌ, ರೇಡಿಯೋ. ಎರಡು ಕುರ್ಚಿಗಳಿವೆ. ಅಂಗಡಿಯವನು ಒಂದನ್ನೇ ಕೊಡುವುದಿಲ್ಲ ಅಂದದ್ದಕ್ಕೆ ಎರಡು ತಂದದ್ದು. ಎರಡನೆಯದರ ಮೇಲೆ ಗ್ಯಾಸ್ಕೆಟ್ ಕತ್ತರಿಸುವ ಹಾಳೆಗಳ ಸುರುಳಿ ಇರುತ್ತದೆ. ವಾರದ ದಿನಗಳಲ್ಲಿ ಹೇಗೋ ಗಿರಾಕಿಗಳ ಜತೆ ಮಾತು ನಡೆಯುತ್ತದೆ. ರಜೆಯ ದಿನ ಹಾಗಲ್ಲ. ಒಂದು ಭಾನುವಾರ ಸಂಜೆ ಬ್ರೆಡ್ ತರಲು ಹೋದಾಗ ಬಾಯಿ ತೆರೆದರೆ ಗಂಟಲಿಂದ ದನಿಯೇ ಹೊರಡಲಿಲ್ಲ. ಬೆಳಗಿನಿಂದ ಒಂದು ಮಾತೂ ಆಡಿಲ್ಲ ಎಂದು ಅವನಿಗೆ ಆಗ ಗೊತ್ತಾಯಿತು. ಅಂಗಡಿಯವಳು "ಶೀತಾನಾ?" ಎಂದು ಕೇಳಿದಳು. ಹೌದೆಂದು ತಲೆಯಾಡಿಸಿದ.

ಸ್ಟುಡಿಯೋದವನ ಗೇರ್‌ಬಾಕ್ಸಿನ ಮುರುಕು ಹಲ್ಲು ಕಂಡ ದಿನವೂ ಅವನು 'ಸಾಮಾನು ಸಿಗಲ್ಲ' ಅನ್ನಬಹುದಿತ್ತು. ಆದರೆ ಎಂಜಿನ್ ಇಳಿದಿತ್ತು, ಕಾರು ಅವನ ಅಂಗಳದಲ್ಲಿ ಹಿಂಗಾಲು ಮುರಿದುಕೊಂಡ ಹಾಗೆ ಕೂತಿತ್ತು. ಸ್ಟುಡಿಯೋದವನು ಬೇರೆ, ಮದುವೆಯ ಹುಡುಗ ಹುಡುಗಿಯರನ್ನು ಆ ಕಾರಿಗೆ ಒರಗಿಸಿ ನಿಲ್ಲಿಸಿ ಫೋಟೋ ತೆಗೆಯುವವನು, "ಕಾರು ಓಡದಿದ್ರೂ ಪರವಾಗಿಲ್ಲ ಮೇಸ್ತ್ರಿ, ನಿಂತ್ಕೊಂಡ್ರೆ ಸಾಕು. ಆದ್ರೆ ನಿಂತ್ಕೊಳ್ಳೋ ಜಾಗಕ್ಕೆ ಹೋಗ್ಬೇಕಲ್ಲ" ಎಂದು ದಿನಾ ಬಂದು ಕೂರುತ್ತಿದ್ದ.

ಪೆಟ್ಟಿಗೆ ಹುಡುಕಿ, ಅದೇ ಅಳತೆಯ ಒಳ್ಳೆಯ ಸಣ್ಣ ಚಕ್ರವೊಂದನ್ನು ಆರಿಸಿದ. ಕೆಳಗೆ ಗೀರು ಬಿದ್ದ ಹಳೆಯ ದೊಡ್ಡದನ್ನೇ ಉಳಿಸಿಕೊಂಡ. ಹಲ್ಲುಗಳಿಗೆ ನೀಲಿ ಬಣ್ಣ ಸವರಿ ತಿರುಗಿಸಿ ನೋಡಿದ. ಸರಿಯಾದ ಜೋಡಿಯಾದರೆ ನೀಲಿ ಹಲ್ಲಿನ ನಡುಮೈಯಲ್ಲಿ ಉದ್ದಕ್ಕೆ ಅಂಟಬೇಕು. ಇಲ್ಲಿ ಒಂದು ಅಂಚಿಗೆ ಮಾತ್ರ ಅಂಟಿತು. ಅವನು ಅದನ್ನು ಒರೆಸಿ, ಇನ್ನೊಮ್ಮೆ ಸವರಿ, ಇನ್ನೊಮ್ಮೆ ನೋಡಿದ. ಆಮೇಲೆ ನೋಡದವನಂತೆ ಕಟ್ಟಲು ಶುರು ಮಾಡಿದ.

ಎರಡು ಶಾಫ್ಟುಗಳನ್ನೂ ಗೇರು ಸರಿಸುವ ಫೋರ್ಕುಗಳನ್ನೂ ಒಟ್ಟಿಗೆ ಹಿಡಿದು ಕವಚದೊಳಗೆ ಇಳಿಸುವುದು ಒಬ್ಬನ ಕೈಯಲ್ಲಿ ಆಗದ ಕೆಲಸ. ಅದಕ್ಕೆಂದು ಸಣ್ಣ ಮೇಸ್ತ್ರಿ ಮರದ ಸ್ಟ್ಯಾಂಡೊಂದನ್ನು ಮಾಡಿಸಿದ್ದ. ಎರಡು ತೋಳು, ತೋಳಿನ ತುದಿಗೆ ಹಳೇ ಬೆಲ್ಟಿನ ತುಂಡು. ಚಹಾ ಕೊಡಲು ಬಂದ ಟೀ ಅಂಗಡಿಯ ಅಕ್ಕ ಅದನ್ನು ಮೇಲಿಂದ ಕೆಳಗೆ ನೋಡಿದಳು. ಎರಡೂ ವರ್ಕ್‌ಶಾಪಿಗೆ ಚಹಾ ಕೊಡುವವಳು ಅವಳೇ.

"ಇದೇನ್ ಮೇಸ್ತ್ರಿ, ಮರದಲ್ಲಿ ಅಣ್ಣನ್ನ ಮಾಡಿಸ್ಕೊಂಡಿದೀರಾ?"

"ಇದು ಎದುರು ಮಾತಾಡಲ್ಲ."

"ಆ ಕಡೆ ಇರೋದು ಮಾತಾಡತ್ತಾ? ಅದೂ ಮರಾನೇ. ಲೋಟ ಇಟ್ರೆ ತಗೊಳತ್ತೆ, ಖಾಲಿ ಮಾಡಿ ಕೊಡತ್ತೆ. ಒಳ್ಳೇ ಜೋಡಿ ನೀವಿಬ್ರೂ." ಅವಳು ಲೋಟ ಎತ್ತಿಕೊಂಡು ಹೋದಳು.

ಗೇರ್‌ಬಾಕ್ಸ್ ಏರಿತು, ಎಂಜಿನ್ ಏರಿತು, ಕಾರು ಬೀದಿಗಿಳಿಯಿತು. ಮೂರನೇ ಗೇರು ಜಿಗಿಯಲಿಲ್ಲ. ಬಡಿತ ಇಲ್ಲ. ಆದರೆ ಏರು ಬಂದು ಎಂಜಿನ್ ಎಳೆಯತೊಡಗಿದಾಗ ಸಣ್ಣಗೆ, ಎಳೆದೆಳೆದು ಅಳುವ ದನಿ ಸೀಟಿನ ಹಿಂದಿನಿಂದ ಬಂತು.

"ಆಹಾ, ಬೆಣ್ಣೆ! ಬೆಣ್ಣೆ ಮೇಸ್ತ್ರಿ ಇದು," ಅಂದ ಸ್ಟುಡಿಯೋದವನು.

"ಕೇಳಿಸ್ತಿಲ್ವಾ?"

"ಏನು?"

"ಅಳ್ತಿದೆ."

ಸ್ಟುಡಿಯೋದವನು ತಲೆ ಓರೆ ಮಾಡಿ ಕೇಳಿದ. "ಹೂಂ... ಸ್ವಲ್ಪ. ನಾನು ಹಾಡು ಹಾಕ್ಕೋತೀನಿ ಬಿಡಿ. ಮದುಮಕ್ಕಳು ಇದನ್ನೆಲ್ಲಾ ಕೇಳೋ ಸ್ಥಿತಿಲಿ ಇರಲ್ಲ."

"ವಾಪಸ್ ತಿರುಗಿಸಿ."

"ಅಯ್ಯೋ, ಮತ್ತೆ ಎಂಜಿನ್ ಇಳಿಸ್ತೀರಾ? ನನಗೇ ತೊಂದರೆ ಇಲ್ಲ ಅಂದ್ರೆ ನಿಮಗೇನ್ರೀ ಕಷ್ಟ?"

ಸಣ್ಣ ಮೇಸ್ತ್ರಿ ವಾಪಸು ಹೋಗುವ ದಾರಿಯ ಕಡೆ ಕೈ ತೋರಿಸಿದ. ಗಿರಾಕಿಗೆ ಸಾಕಾದ ಕೆಲಸ ತನಗೂ ಸಾಕು ಅಂದುಕೊಂಡರೆ ಅಲ್ಲಿಗೆ ಮುಗಿಯುತ್ತಿತ್ತು. ಅದಕ್ಕಿಂತ ಹೆಚ್ಚಿನದೊಂದು ಅವನ ತಲೆಯಲ್ಲಿ ಓಡುತ್ತಿತ್ತು. ಆ ಸಣ್ಣ ಚಕ್ರದ ನಿಜವಾದ ಜೋಡಿ ಎರಡು ಬೀದಿ ಆಚೆ ಅಣ್ಣನ ಕಪಾಟಿನಲ್ಲಿದೆ. ಅದನ್ನು ಕೇಳಲು ಹೋದರೆ ಅದು ಕೆಲಸಕ್ಕಾಗಿ ಹೋದದ್ದಾಗುತ್ತದೆ. ಸೋತು ಹೋದದ್ದಲ್ಲ, ಕ್ಷಮೆ ಕೇಳಲು ಹೋದದ್ದಲ್ಲ, ಒಂಟಿತನ ತಡೆಯಲಾರದೆ ಹೋದದ್ದಂತೂ ಅಲ್ಲವೇ ಅಲ್ಲ. ಆ ಹೊಸಿಲು ದಾಟಲು ಇಷ್ಟು ವರ್ಷದಲ್ಲಿ ಇಂಥದೊಂದು ನೆಪ ಅವನ ಕೈಗೆ ಸಿಕ್ಕಿರಲಿಲ್ಲ. ಸಿಕ್ಕಿತ್ತೇನೋ, ಅವನೇ ಕೈಯಾಡಿಸಿ ಕಳಿಸುತ್ತಾ ಬಂದಿದ್ದ.

ಮತ್ತೆ ಎಂಜಿನ್ ಇಳಿಸಿ ಚಕ್ರ ಬಿಚ್ಚಿದ ಮಾರನೆಯ ಬೆಳಗ್ಗೆ ಅವನು ಉಗುರಿನ ಸಂದಿಯನ್ನೆಲ್ಲ ಸೋಪಿನಲ್ಲಿ ಉಜ್ಜಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟ. ಕನ್ನಡಿಯಲ್ಲಿ ನೋಡಿಕೊಂಡಾಗ ಸಂಬಂಧ ಕೇಳಲು ಹೊರಟವನ ಹಾಗೆ ಕಂಡಿತು. ಬಿಚ್ಚಿ, ಕೆಲಸದ ಅಂಗಿಯನ್ನೇ ಹಾಕಿಕೊಂಡ. ಸಣ್ಣ ಚಕ್ರವನ್ನು ಬಟ್ಟೆಯಲ್ಲಿ ಸುತ್ತಿ ಕೈಯಲ್ಲಿ ಹಿಡಿದು ನಡೆದ.

ಅಣ್ಣನ ವರ್ಕ್‌ಶಾಪಿನಲ್ಲಿ ನೆಲಕ್ಕೆ ಹೊಳೆಯುವ ಬೂದು ಬಣ್ಣ ಬಳಿದಿದ್ದರು. ಹೊಸ ಕಾರುಗಳು ಸಾಲಾಗಿ ನಿಂತಿದ್ದವು. ಗೇರ್‌ಬಾಕ್ಸ್ ಕೆಟ್ಟರೆ ಇಲ್ಲಿ ಇಡಿಯಾಗಿ ತೆಗೆದು ಇಡಿಯಾಗಿ ಬದಲಿಸುತ್ತಾರೆ. ಮೂಲೆಯಲ್ಲಿ ಗಾಜಿನ ಗೋಡೆಯ ಆಫೀಸು, ಅದರೊಳಗೆ ಫೋನು ಹಿಡಿದ ಅಣ್ಣ. ತೂಕ ಹೆಚ್ಚಾಗಿತ್ತು. ಕನ್ನಡಕ ಬಂದಿತ್ತು. ಅವನು ತಮ್ಮನನ್ನು ಕಂಡು ಫೋನಿನಲ್ಲಿ, "ಆಮೇಲೆ ಮಾಡ್ತೀನಿ" ಅಂದು ಇಟ್ಟ.

"ಏನು?"

"ಮೂರನೇದರ ದೊಡ್ಡ ಚಕ್ರ ಬೇಕಿತ್ತು. ಇದರ ಜೋಡಿ."

ಅಣ್ಣ ಬಟ್ಟೆ ಬಿಚ್ಚಿ ಚಕ್ರ ನೋಡಿದ. ಕನ್ನಡಕ ಹಣೆಗೇರಿಸಿ ಅಂಕಿ ಓದಿದ. ಎದ್ದು ಹಿಂದಿನ ಕೋಣೆಗೆ ಹೋದ. ತಮ್ಮನೂ ಹಿಂದೆ ಹೋದ. ಕಪಾಟಿನ ತಳದಲ್ಲಿ ಅದೇ ಮರದ ಪೆಟ್ಟಿಗೆಗಳು. ಎರಡು ಪೆಟ್ಟಿಗೆ ಮಗುಚಿದ ಮೇಲೆ ಅಣ್ಣ ಒಂದು ಕಾಗದದ ಉಂಡೆ ಬಿಚ್ಚಿ, "ಇದಾ?" ಅಂದ.

"ನೀಲಿ ಇದ್ಯಾ?"

ನೀಲಿ ಬಣ್ಣದ ಡಬ್ಬಿ ಒಣಗಿ ಕೂತಿತ್ತು. ಅಣ್ಣ ಅದಕ್ಕೆ ಎಣ್ಣೆ ಬಿಟ್ಟು ಕಡ್ಡಿಯಲ್ಲಿ ಕದಡಿದ. ಅವನು ದೊಡ್ಡದನ್ನು ಹಿಡಿದ, ತಮ್ಮ ಸಣ್ಣದನ್ನು ತಾಗಿಸಿದ. ಇಷ್ಟು ಒತ್ತು, ಇಷ್ಟು ಬಿಡು ಎಂದು ಯಾರೂ ಯಾರಿಗೂ ಹೇಳಬೇಕಾಗಲಿಲ್ಲ. ಸುತ್ತು ಮುಗಿದಾಗ ನೀಲಿ ಹಲ್ಲಿನ ನಡುಮೈಯಲ್ಲಿ ಉದ್ದಕ್ಕೆ, ಅಕ್ಕಿಯ ಆಕಾರದಲ್ಲಿ ಅಂಟಿತ್ತು. ಇಬ್ಬರೂ ಅದನ್ನೇ ನೋಡುತ್ತಾ ನಿಂತರು. ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು.

ಮೇಲಿನಿಂದ ಅತ್ತಿಗೆಯ ದನಿ ಬಂತು. "ಯಾರ್ ಬಂದಿರೋದು? ಊಟಕ್ಕೆ ಇಡಲಾ?"

ಅಣ್ಣ ಕೈ ಒರೆಸಿಕೊಳ್ಳುವ ಬಟ್ಟೆ ಹುಡುಕಿದ. "ಯಾರೋ ಗಿರಾಕಿ," ಎಂದು ಕೂಗಿ ಹೇಳಿದ.

ಸಣ್ಣ ಮೇಸ್ತ್ರಿ ಎರಡೂ ಚಕ್ರಗಳನ್ನು ಒಂದೇ ಬಟ್ಟೆಯಲ್ಲಿ ಸುತ್ತಿಕೊಂಡು ಹೊರಬಂದ. ದಾರಿಯಲ್ಲಿ ಟೀ ಅಂಗಡಿಯ ಅಕ್ಕ ಎರಡು ಸಲ ಕರೆದರೂ ಅವನಿಗೆ ಕೇಳಿಸಲಿಲ್ಲ.

ದೊಡ್ಡ ಚಕ್ರವನ್ನು ಕಾದ ಎಣ್ಣೆಯಲ್ಲಿ ಮುಳುಗಿಸಿಟ್ಟು, ಅದು ಹಿಗ್ಗಿದಾಗ ಶಾಫ್ಟಿಗೆ ಏರಿಸಿದ. ತಣ್ಣಗಾಗುತ್ತಾ ಅದು ಕಚ್ಚಿಕೊಂಡಿತು. ಮತ್ತೆ ಮರದ ಸ್ಟ್ಯಾಂಡು, ಮತ್ತೆ ಬೆಲ್ಟು, ಮತ್ತೆ ಜಾಕಿನ ಸುತ್ತ ಪ್ರದಕ್ಷಿಣೆ. ಈ ಸಲ ಅದೇ ಏರಿನಲ್ಲಿ ಮೂರನೇ ಗೇರಿನಿಂದ ಏನೂ ಕೇಳಿಸಲಿಲ್ಲ. ಟೈರಿನ ಸದ್ದು ಕೇಳಿಸಿತು, ಸ್ಟುಡಿಯೋದವನ ಮಾತು ಕೇಳಿಸಿತು.

"ಈಗ ಒಪ್ಪಿಗೆನಾ ಮೇಸ್ತ್ರಿ? ಅಥವಾ ಇನ್ನೊಂದ್ಸಲ ಬಿಚ್ಚಬೇಕಾ? ಹೇಳಿಬಿಡಿ, ಹಾಸಿಗೆ ಇಲ್ಲೇ ತರ್ತೀನಿ."

ಸಣ್ಣ ಮೇಸ್ತ್ರಿ ನಕ್ಕ.

'ಯಾರೋ ಗಿರಾಕಿ' ಎಂಬ ಮಾತು ಮುಳ್ಳಿನಂತೆ ಒಳಗೇ ಇತ್ತು. ಆದರೆ ದಿನ ಕಳೆದಂತೆ ಅವನು ಅದನ್ನು ಬೇರೆ ಕಡೆಯಿಂದ ನೋಡತೊಡಗಿದ. ಗಿರಾಕಿಯಾದರೇನು? ಗಿರಾಕಿ ಮತ್ತೆ ಬರಬಹುದು. ಗಿರಾಕಿಯನ್ನು ಯಾರೂ ಯಾಕೆ ಬಂದೆ ಎಂದು ಕೇಳುವುದಿಲ್ಲ. ಚಕ್ರ ಮುರಿದ ಗೇರ್‌ಬಾಕ್ಸ್ ಒಪ್ಪಿಕೊಳ್ಳುತ್ತೇನೆಂದು ಒಂದಿಬ್ಬರಿಗೆ ಹೇಳಿದ. ಎರಡನೇ ಗೇರಿನ ಕೆಲಸವೊಂದು ಬಂದೇ ಬಂತು. ಗೋಡೆಯ ಪೆಟ್ಟಿಗೆಗಳನ್ನು ನೋಡಿದಾಗ, ಒಂದೊಂದು ಸಣ್ಣ ಚಕ್ರವೂ ಆ ಬೀದಿಗೆ ಹೋಗಿಬರುವ ಒಂದೊಂದು ಸಲದಂತೆ ಕಂಡಿತು. ಇಡೀ ಆಯುಷ್ಯಕ್ಕೆ ಸಾಲುವಷ್ಟಿದ್ದವು. ಎರಡನೇ ಸಲ ಹೋದಾಗ ಅತ್ತಿಗೆ ಕೆಳಗೇ ಇರಬಹುದು. ಮೂರನೇ ಸಲ ಅಣ್ಣ ಕೂರು ಅನ್ನಬಹುದು. ಅವಸರವಿಲ್ಲ.

ಎರಡನೇ ಗೇರಿನ ಕೆಲಸಕ್ಕೆ ಅವನು ಹೊರಡುವ ಮೊದಲೇ ಬಾಗಿಲಿಗೆ ವ್ಯಾನೊಂದು ಬಂದು ನಿಂತಿತು. ಚಾಲಕ ಇಳಿದು ಹಿಂಬಾಗಿಲು ತೆಗೆದ. ಒಳಗೆ ಮರದ ಪೆಟ್ಟಿಗೆಗಳು.

"ದೊಡ್ಡ ಮೇಸ್ತ್ರಿ ಕಳಿಸಿದ್ರು. ಎಲ್ಲಾ ಇಳಿಸಿ ಬಾ ಅಂದ್ರು."

"ಎಲ್ಲಾನಾ?"

"ಎಲ್ಲಾ. ಅವರಿಗೆ ಉಪಯೋಗ ಇಲ್ವಂತೆ. ಪ್ರತಿ ಸಲ ಅಲ್ಲೀವರೆಗೂ ಬರೋ ತೊಂದ್ರೆ ಯಾಕೆ, ನಿಮ್ಮ ಹತ್ರಾನೇ ಇರಲಿ ಅಂದ್ರು."

ಪೆಟ್ಟಿಗೆಗಳು ಒಂದೊಂದಾಗಿ ಒಳಗೆ ಬಂದವು. ಸಣ್ಣ ಮೇಸ್ತ್ರಿ ಬಾಗಿಲಿಗೆ ಒರಗಿ ನೋಡುತ್ತಾ ನಿಂತ. ಅಣ್ಣ ಕೋಪದಿಂದ ಕಳಿಸಿದ್ದಲ್ಲ, ಅದು ಅವನಿಗೆ ಗೊತ್ತಿತ್ತು. ಕೋಪ ಬಂದಿದ್ದರೆ ಗುಜರಿಗೆ ಹಾಕುತ್ತಿದ್ದ. ಇದು ಒಳ್ಳೆಯ ಮನಸ್ಸಿನಿಂದಲೇ ಬಂದದ್ದು. ಪ್ರತಿ ಚಕ್ರಕ್ಕೂ ಹೊಸದಾಗಿ ಕಾಗದ ಸುತ್ತಿತ್ತು.

ಟೀ ಅಂಗಡಿಯ ಅಕ್ಕ ಲೋಟ ಹಿಡಿದು ಒಳಗೆ ಬಂದವಳು ಅಲ್ಲೇ ನಿಂತಳು. "ಏನ್ ಮೇಸ್ತ್ರಿ, ಲಾಟರಿ ಹೊಡೀತಾ? ಬಿಟ್ಟಿ ಮಾಲು ಬಂದವರ ಮುಖ ಹಿಂಗಿರತ್ತಾ?"

"ಬಿಸಿ ಇದ್ಯಾ?"

"ಏನು?"

"ಚಹಾ."

"ಮಾತು ತಿರುಗಿಸೋದು ನೋಡು," ಎಂದು ಲೋಟವನ್ನು ಬೆಂಚಿನ ಮೇಲಿಟ್ಟಳು. ಹೋಗುವ ಮೊದಲು ಪೆಟ್ಟಿಗೆಗಳ ಕಡೆ ಒಮ್ಮೆ, ಅವನ ಕಡೆ ಒಮ್ಮೆ ನೋಡಿದಳು.

ಆ ವಾರವೆಲ್ಲ ಅವನು ನೆಲದ ಮೇಲೆ ಹಳೇ ಚಾದರ ಹಾಸಿ ಜೋಡಿ ಕೂಡಿಸಿದ. ಅಂಕಿ ಓದಿ, ದೊಡ್ಡದರ ಪಕ್ಕಕ್ಕೆ ಸಣ್ಣದನ್ನಿಟ್ಟು, ತಂತಿಯಲ್ಲಿ ಕಟ್ಟಿ, ಒಂದೇ ಕಾಗದದಲ್ಲಿ ಸುತ್ತಿದ. ಎಷ್ಟೋ ಚಕ್ರಗಳು ಯಾವ ಕಾರಿನಿಂದ ಬಂದವು, ಬಿಚ್ಚುವಾಗ ಅಣ್ಣ ಏನಂದಿದ್ದ ಎಂಬುದೆಲ್ಲ ನೆನಪಾಯಿತು. ಒಂದನ್ನು ಬಿಚ್ಚುವಾಗ ಮಳೆ ಬಂದು ಇಬ್ಬರೂ ಗುಜರಿ ಕಾರಿನೊಳಗೇ ಹೊತ್ತು ಕಳೆದಿದ್ದರು. ಜೋಡಿಗಳು ಸೇರುತ್ತಾ ಹೋದಂತೆ ಕೋಣೆ ಅಚ್ಚುಕಟ್ಟಾಯಿತು. ಇನ್ನು ಯಾವ ಗೇರು ಮುರಿದು ಬಂದರೂ ಅವನು ಎಲ್ಲಿಗೂ ಹೋಗಬೇಕಾಗಿಲ್ಲ. ಕೈ ಚಾಚಿದರೆ ಸಾಕು.

ಕೊನೆಯ ಪೆಟ್ಟಿಗೆಯ ತಳದಲ್ಲಿ ನಾಲ್ಕನೇ ಗೇರಿನ ದೊಡ್ಡ ಚಕ್ರವೊಂದಿತ್ತು. ಅದರ ಸಣ್ಣದು ಚಾದರದ ಮೇಲೆ, ಅವನ ಮೊಣಕಾಲ ಪಕ್ಕದಲ್ಲೇ ಇತ್ತು. ಅಂಕಿ ಎರಡರಲ್ಲೂ ಸ್ಪಷ್ಟವಾಗಿ ಒಂದೇ. ಅವನು ತಂತಿ ಕತ್ತರಿಸಿದವನು ಕಟ್ಟಲಿಲ್ಲ. ದೊಡ್ಡದನ್ನು ಮಾತ್ರ ಬಟ್ಟೆಯಲ್ಲಿ ಸುತ್ತಿಕೊಂಡು ಎದ್ದ.

ಅಣ್ಣ ಗಾಜಿನ ಆಫೀಸಿನಲ್ಲೇ ಇದ್ದ. ತಮ್ಮ ಬಟ್ಟೆಯ ಗಂಟನ್ನು ಮೇಜಿನ ಮೇಲಿಟ್ಟ.

"ಇದಕ್ಕೆ ಜೋಡಿ ಸಿಗ್ಲಿಲ್ಲ. ಒಂಟಿ ಚಕ್ರ ಇಟ್ಕೊಂಡು ನಾನೇನ್ ಮಾಡ್ಲಿ. ನಿನ್ನ ಪಾಲಿಂದು, ನಿನ್ನ ಹತ್ರಾನೇ ಇರಲಿ."

ಅಣ್ಣ ಗಂಟು ಬಿಚ್ಚಿದ. ಕನ್ನಡಕ ಹಣೆಗೇರಿತು. ಅಂಕಿಯ ಮೇಲೆ ಹೆಬ್ಬೆರಳು ಆಡಿಸಿದ.

"ಇದು ಬ್ರೆಡ್ ವ್ಯಾನಿಂದ ಬಿಚ್ಚಿದ್ದಲ್ವಾ?"

"ಇರಬಹುದು."

"ಇರಬಹುದು ಏನು, ಅದೇ. ಪುಲ್ಲರ್ ಜಾರಿ ನನ್ನ ಬೆರಳಿಗೆ ಬಿತ್ತು. ಸಣ್ಣದು ನಿನ್ನ ಪಾಲಿಗೆ ಹೋಯ್ತು. ಮಾವ ತೂಗಿ ನೋಡಿ ನಿನ್ನ ಕಡೆಗೆ ಹಾಕಿದ್ದು ಇದರ ಜೋಡೀನೇ."

"ಕಾಣ್ತಿಲ್ಲ."

"ಕಾಣ್ತಿಲ್ಲ?"

"ಎಲ್ಲಾ ಕಡೆ ನೋಡ್ದೆ."

ಅಣ್ಣ ತಮ್ಮನ ಮುಖ ನೋಡಿದ. ಗೇರಿನ ವಿಷಯದಲ್ಲಿ ಈ ಮುಖ ಸುಳ್ಳು ಹೇಳಿದ್ದನ್ನು ಅವನು ಕಂಡಿರಲಿಲ್ಲ. ಚಕ್ರವನ್ನು ಒಂದು ಸುತ್ತು ತಿರುಗಿಸಿದ, ಇನ್ನೊಂದು ಸುತ್ತು ತಿರುಗಿಸಿದ. ಹೊರಗೆ ಯಾರೋ ಹೊಸ ಕಾರಿನ ಹಾರ್ನ್ ಪರೀಕ್ಷೆ ಮಾಡುತ್ತಿದ್ದರು. ಅಣ್ಣ ಮೇಜಿನ ಡ್ರಾಯರ್ ಎಳೆದು, ಬೀಗದ ಕೈ, ಪೆನ್ನುಗಳನ್ನು ಒಂದು ಪಕ್ಕಕ್ಕೆ ಸರಿಸಿ, ಚಕ್ರವನ್ನು ಒಳಗಿಟ್ಟ.

"ಎಲ್ಲಿ ಹೋಗತ್ತೆ? ಸರಿಯಾಗಿ ಹುಡುಕು."

"ಹುಡುಕ್ತೀನಿ."

"ಸಿಕ್ಕಿದ್ರೆ ಯಾರ ಕೈಲೂ ಹೇಳಿ ಕಳಿಸ್ಬೇಡ. ನೀನೇ ಬಾ. ಇದು ಇಲ್ಲೇ ಇರತ್ತೆ."

ಕೂರು ಎಂದು ಅವನು ಹೇಳಲಿಲ್ಲ. ಫೋನು ಬಂತು, ಎತ್ತಿಕೊಂಡು ಗೋಡೆಯ ಕಡೆ ತಿರುಗಿದ. ಸಣ್ಣ ಮೇಸ್ತ್ರಿ ಹೊಳೆಯುವ ಬೂದು ನೆಲ ದಾಟಿ ಬೀದಿಗೆ ಬಂದ. ಕಳೆದುಹೋದ ಚಕ್ರವೊಂದನ್ನು ಹುಡುಕಲು ಒಬ್ಬ ಮನುಷ್ಯನಿಗೆ ಎಷ್ಟು ದಿನ ಹಿಡಿಯಬಹುದು, ಎಷ್ಟು ಬೇಗ ಸಿಕ್ಕರೆ ನಾಚಿಕೆ, ಎಷ್ಟು ತಡವಾದರೆ ಅತಿಯಾಗುತ್ತದೆ ಎಂದು ಎರಡು ಬೀದಿಯುದ್ದಕ್ಕೂ ಯೋಚಿಸುತ್ತಾ ನಡೆದ.